ಕರೆಂಟು ಕೊಟ್ಟರೆ ಕಸರತ್ತಾಗುತ್ತದೆಯೇ?

ಬೆಂಗಳೂರಿನಲ್ಲಿ ಈಗ ಡಂಬೆಲ್ಲುಗಳ ಸಾಲೇ ಇಲ್ಲದ ಜಿಮ್‌ಗಳಿವೆ. ಒಳಗೆ ಹೋದವರಿಗೆ ನೀರು ಚಿಮುಕಿಸಿದ ಕಪ್ಪು ಜಾಕೆಟ್ ತೊಡಿಸುತ್ತಾರೆ, ತೋಳು, ತೊಡೆ, ಸೊಂಟಕ್ಕೆ ಪಟ್ಟಿ ಬಿಗಿಯುತ್ತಾರೆ, ವೈರು ಸಿಕ್ಕಿಸುತ್ತಾರೆ. ಎದುರಿಗೆ ನಿಂತ ಟ್ರೇನರ್ ಗುಂಡಿ ತಿರುಗಿಸಿದ ಕೂಡಲೇ ಮೈಯೆಲ್ಲ ಒಮ್ಮೆಲೇ ಬಿಗಿಯುತ್ತದೆ, ಸಡಿಲವಾಗುತ್ತದೆ, ಮತ್ತೆ ಬಿಗಿಯುತ್ತದೆ. 20 ನಿಮಿಷಕ್ಕೆ ಎಲ್ಲ ಮುಗಿಯುತ್ತದೆ. ವಾರಕ್ಕೊಮ್ಮೆ ಬಂದರೆ ಸಾಕು ಎನ್ನುತ್ತದೆ ಜಾಹೀರಾತು. ಆನ್‌ಲೈನ್ ಅಂಗಡಿಗಳಲ್ಲಂತೂ ಇದೇ ತತ್ತ್ವದ ಹೊಟ್ಟೆಪಟ್ಟಿಗಳು, ಚಿಟ್ಟೆಯಾಕಾರದ ಪ್ಯಾಡುಗಳು ಬಟ್ಟೆಬರೆಯ ಬೆಲೆಗೆ ಸಿಗುತ್ತವೆ.

ಈ ಯಂತ್ರದತ್ತ ಆಸೆಗಣ್ಣಿನಿಂದ ನೋಡುವವರು ಎರಡು ಬಗೆ. ಹೊಟ್ಟೆ ಕರಗಲಿ ಎನ್ನುವವರು ಒಂದು ಕಡೆ. ಕೈಹಿಡಿದ ಕಸುಬು ಕುಂಟುತ್ತಿದೆ, ಏನಾದರೂ ಹೊಸದು ತಂದರೆ ಗಿರಾಕಿ ಬಂದಾರು ಎಂದು ಲೆಕ್ಕ ಹಾಕುತ್ತಿರುವ ಜಿಮ್ ಟ್ರೇನರ್‌ಗಳು ಇನ್ನೊಂದು ಕಡೆ. ಈ ಲೇಖನ ಹೆಚ್ಚಾಗಿ ಎರಡನೆಯವರಿಗೆ. ಆದರೆ ಮೊದಲನೆಯವರು ದುಡ್ಡು ಕೊಡುವವರಾದ್ದರಿಂದ ಅವರೂ ಓದಿಕೊಳ್ಳುವುದು ಒಳ್ಳೆಯದು.

ಯಂತ್ರ ಏನು ಮಾಡುತ್ತದೆ

ನಾವಾಗಿ ಕೈ ಎತ್ತುವಾಗ ಮೆದುಳಿನಿಂದ ಹೊರಟ ಸಂಕೇತ ಬೆನ್ನುಹುರಿ ದಾಟಿ, ನರದ ಮೂಲಕ ಸ್ನಾಯು ತಲುಪುತ್ತದೆ. ಯಂತ್ರ ಈ ದಾರಿಯನ್ನು ನಡುವೆಯೇ ಹಿಡಿಯುತ್ತದೆ. ಚರ್ಮದ ಮೇಲಿನ ಎರಡು ಪ್ಯಾಡುಗಳ ನಡುವೆ ವಿದ್ಯುತ್ತಿನ ಸಣ್ಣ ಮಿಡಿತಗಳು ಹರಿದು ಸ್ನಾಯುವಿಗೆ ಹೋಗುವ ನರವನ್ನು ಕೆರಳಿಸುತ್ತವೆ, ಸ್ನಾಯು ಸೆಟೆಯುತ್ತದೆ. ಇಟಲಿಯ ಬೊಲೋನ್ಯಾದಲ್ಲಿ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಮಿಡುಕಿದ್ದನ್ನು ಕಂಡು 1791ರಲ್ಲಿ ಪ್ರಕಟಿಸಿದ್ದು ಇದನ್ನೇ. 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ವೈದ್ಯ ದ್ಯುಶೆನ್, ಚರ್ಮದ ಮೇಲಿನಿಂದಲೇ ಒಂದೊಂದು ಸ್ನಾಯುವನ್ನೂ ಬೇರೆ ಬೇರೆಯಾಗಿ ಕುಣಿಸಬಹುದೆಂದು ತೋರಿಸಿದರು. ಕ್ರೀಡೆಯ ಅಂಗಳಕ್ಕೆ ಇದನ್ನು ಎಳೆತಂದ ಹೆಸರು ಸೋವಿಯತ್ ವಿಜ್ಞಾನಿ ಯಾಕೊವ್ ಕೋಟ್ಸ್ ಅವರದು. 10 ಸೆಕೆಂಡ್ ಕರೆಂಟು, 50 ಸೆಕೆಂಡ್ ವಿಶ್ರಾಂತಿ ಎಂಬ ಅವರ ಕ್ರಮವನ್ನು ಫಿಸಿಯೊಥೆರಪಿ ಓದುವವರು ಇಂದಿಗೂ ‘ರಷ್ಯನ್ ಕರೆಂಟ್’ ಎಂದೇ ಕಲಿಯುತ್ತಾರೆ. 1977ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅವರು ಹೇಳಿಕೊಂಡಷ್ಟು ದೊಡ್ಡ ಲಾಭ ಬೇರೆಯವರ ಪ್ರಯೋಗಗಳಲ್ಲಿ ಕೈಗೆ ಸಿಗಲಿಲ್ಲ. ಆದರೂ ಆ ಮಾತಿನ ಆಕರ್ಷಣೆ ಕಮ್ಮಿಯಾಗಿಲ್ಲ.

ನಾವಾಗಿ ಮಾಡುವ ಕಸರತ್ತಿಗೂ ಯಂತ್ರ ಮಾಡಿಸುವುದಕ್ಕೂ ಒಳಗೆ ದೊಡ್ಡ ವ್ಯತ್ಯಾಸವಿದೆ. ನಾವು ಬಸ್ಕಿ ಹೊಡೆಯುವಾಗ ಶರೀರ ಮೊದಲು ಸಣ್ಣ, ಬೇಗ ದಣಿಯದ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಭಾರ ಹೆಚ್ಚಿದಂತೆ ದೊಡ್ಡ ಎಳೆಗಳು ಸೇರಿಕೊಳ್ಳುತ್ತವೆ, ಸರದಿ ಬದಲಾಗುತ್ತದೆ. ಯಂತ್ರಕ್ಕೆ ಈ ಸರದಿ ತಿಳಿಯದು. ಪ್ಯಾಡಿನ ಕೆಳಗೆ, ಚರ್ಮಕ್ಕೆ ಹತ್ತಿರ ಯಾವ ಎಳೆಗಳು ಸಿಕ್ಕವೋ ಅವನ್ನೇ ಮತ್ತೆ ಮತ್ತೆ ದುಡಿಸುತ್ತದೆ. ಅದಕ್ಕೇ ಬೇಗ ಸುಸ್ತು, ಮರುದಿನ ಹೆಚ್ಚು ನೋವು. ಸಮತೋಲ, ಹೆಜ್ಜೆ, ಕೀಲುಗಳ ಹೊಂದಾಣಿಕೆ ಇವ್ಯಾವುದನ್ನೂ ಕರೆಂಟು ಕಲಿಸುವುದಿಲ್ಲ. ಬಸ್ಸು ಹತ್ತುವಾಗ ಮಂಡಿ ಹೇಗೆ ಬಾಗಬೇಕು ಎಂಬುದು ಮೆದುಳು ಕಲಿಯಬೇಕಾದ ಪಾಠ.

ಅಂಗಡಿಯಲ್ಲಿ ಎಲ್ಲರೂ ಎಡವುವುದು ಇನ್ನೊಂದು ಕಡೆ. ಟೆನ್ಸ್ ಎಂಬ ಯಂತ್ರವೂ ಇದೆ, ಇಎಂಎಸ್ ಎಂಬುದೂ ಇದೆ. ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರದ ಪೆಟ್ಟಿಗೆ, ಅದೇ ಅಂಟುವ ಪ್ಯಾಡು. ಕೆಲವು ಪೆಟ್ಟಿಗೆಗಳಲ್ಲಿ ಎರಡೂ ಇರುತ್ತವೆ. ಟೆನ್ಸ್ ಇರುವುದು ನೋವಿಗೆ. ಅದು ಸ್ಪರ್ಶದ ನರಗಳನ್ನು ಜುಮ್ಮೆನ್ನಿಸಿ ನೋವಿನ ಸಂಕೇತಕ್ಕೆ ಅಡ್ಡಗಟ್ಟುತ್ತದೆ. ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ, ನೋವಿಗೆ ಬೆನ್ನುಹುರಿಯಲ್ಲಿ ಬಾಗಿಲೊಂದಿದೆ ಎಂಬ ಸಿದ್ಧಾಂತ ಇದರ ಬೇರು. ಸ್ನಾಯು ಸೆಟೆಯುವಂತೆ ಮಾಡುವುದು ಇಎಂಎಸ್. ಸೊಂಟನೋವಿಗೆಂದು ಇಎಂಎಸ್ ತಂದವರೂ, ತೊಡೆ ಗಟ್ಟಿಯಾಗಲೆಂದು ಟೆನ್ಸ್ ತಂದವರೂ ನಮ್ಮ ನಡುವೆ ಇದ್ದಾರೆ. ಕೊಳ್ಳುವ ಮೊದಲು ಕೈಪಿಡಿ ತೆರೆದು, ಕರೆಂಟು ಬಿಟ್ಟು ಬಿಟ್ಟು ಬರುವ ಕ್ರಮ ಇದೆಯೇ ನೋಡಿ. ಕೆಲವು ಸೆಕೆಂಡ್ ಬಿಗಿತ, ಆಮೇಲೆ ವಿಶ್ರಾಂತಿ, ಈ ಎರಡರ ಅವಧಿಯನ್ನೂ ಬದಲಿಸಲು ಬರುವಂತಿರಬೇಕು. ಬರೀ ಜುಮ್ಮೆನ್ನುತ್ತಲೇ ಇರುವ ಯಂತ್ರ ಸ್ನಾಯುವಿಗೆ ಕಸರತ್ತು ಕೊಡದು.

ಹೊಟ್ಟೆಯ ಮಾತು

ಕೈ ಕೆಸರಾಗದೆ ಬಾಯಿಗೆ ಮೊಸರು ಬೀಳುತ್ತದೆ ಎಂಬ ಭರವಸೆಗೆ ಗಿರಾಕಿಗಳು ಯಾವತ್ತೂ ಇದ್ದಾರೆ. ಅಮೆರಿಕದಲ್ಲಿ 2000ದ ಆಸುಪಾಸಿನಲ್ಲಿ ಹೊಟ್ಟೆಪಟ್ಟಿಗಳ ಟೀವಿ ಜಾಹೀರಾತು ವಿಪರೀತವಾಗಿ, ಹತ್ತು ನಿಮಿಷ ಕಟ್ಟಿಕೊಂಡರೆ 600 ಸಿಟ್‌ಅಪ್ ಮಾಡಿದಂತೆ ಎನ್ನುವವರೆಗೂ ಹೋಗಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ ಆಬ್‌ಟ್ರಾನಿಕ್, ಆಬ್ ಎನರ್ಜೈಸರ್, ಫಾಸ್ಟ್ ಆಬ್ಸ್ ಎಂಬ ಮೂರು ಪಟ್ಟಿಗಳ ಮಾರಾಟಗಾರರ ಮೇಲೆ ಸುಳ್ಳು ಪ್ರಚಾರದ ದಾವೆ ಹೂಡಿತು. ಅಮೆರಿಕದ ಆಹಾರ, ಔಷಧ ನಿಯಂತ್ರಕ ಎಫ್‌ಡಿಎಯ ನಿಲುವು ಇಂದಿಗೂ ಸ್ಪಷ್ಟ: ಈ ಯಂತ್ರಗಳು ಸ್ನಾಯುವನ್ನು ತಾತ್ಕಾಲಿಕವಾಗಿ ಬಲಪಡಿಸಬಹುದು, ಬಿಗಿಗೊಳಿಸಬಹುದು, ಆದರೆ ತೂಕ ಇಳಿಸಲು, ಸುತ್ತಳತೆ ತಗ್ಗಿಸಲು, ‘ಸಿಕ್ಸ್ ಪ್ಯಾಕ್’ ತರಿಸಲು ಎಂದು ಯಾವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ.

ಕಾರಣ ಸರಳ. ಹೊಟ್ಟೆಯ ಸ್ನಾಯು ಇರುವುದು ಕೊಬ್ಬಿನ ಪದರದ ಕೆಳಗೆ. ಮೇಲಿನ ಪದರ ಕರಗದೆ ಕೆಳಗಿನದು ಕಾಣದು. ಮೇಲಿನ ಕೊಬ್ಬಿಗೆ ಕರೆಂಟಿನ ಹಂಗಿಲ್ಲ, ಅದು ಕೇಳುವುದು ಊಟದ ತಟ್ಟೆಯ ಮಾತು ಮತ್ತು ದಿನವಿಡೀ ಮೈ ಎಷ್ಟು ಅಲುಗಾಡಿತು ಎಂಬ ಲೆಕ್ಕ. ಇನ್ನೊಂದು ವ್ಯಂಗ್ಯವೂ ಇದೆ. ಕೊಬ್ಬು ದಪ್ಪಗಿದ್ದಷ್ಟೂ ನರಕ್ಕೆ ಕರೆಂಟು ತಲುಪುವುದು ಕಷ್ಟ. ಹಾಗಾಗಿ ಯಾರಿಗೆ ಪಟ್ಟಿ ಮಾರುತ್ತಾರೋ ಅವರ ಮೇಲೇ ಅದು ಎಲ್ಲರಿಗಿಂತ ಕಡಿಮೆ ಕೆಲಸ ಮಾಡುತ್ತದೆ.

ಹಾಗೆಂದು ಯಂತ್ರ ಬೂಟಾಟಿಕೆಯಲ್ಲ. ಅದರ ನಿಜವಾದ ಜಾಗ ಫಿಸಿಯೊಥೆರಪಿ ಕೋಣೆ. ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜಿನ ಶಸ್ತ್ರಚಿಕಿತ್ಸೆ ಆದವರಿಗೆ ತೊಡೆಯ ಮುಂಭಾಗದ ಸ್ನಾಯು ಕೆಲವು ವಾರ ಮಾತೇ ಕೇಳುವುದಿಲ್ಲ. ಬಿಗಿ ಎಂದರೂ ಬಿಗಿಯದು. ಅಲ್ಲಿ ಕರೆಂಟು ದಾರಿ ತೋರಿಸುತ್ತದೆ. ಪಾರ್ಶ್ವವಾಯುವಿನ ನಂತರ ಪಾದದ ಮುಂಭಾಗ ನೆಲಕ್ಕೆ ತೂಗುವವರಿಗೆ ಹೆಜ್ಜೆ ಎತ್ತುವ ಹೊತ್ತಿಗೆ ಸರಿಯಾಗಿ ಮಿಡಿತ ಕೊಡುವ ಸಾಧನವನ್ನು 1961ರಲ್ಲೇ ಲಿಬರ್ಸನ್ ತಂಡ ತೋರಿಸಿತ್ತು. ಶ್ವಾಸಕೋಶದ ದೀರ್ಘ ಕಾಯಿಲೆ, ಹೃದಯ ವೈಫಲ್ಯ, ಕ್ಯಾನ್ಸರ್‌ಗಳ ಮುಂದುವರಿದ ಹಂತದಲ್ಲಿದ್ದು ವ್ಯಾಯಾಮ ಮಾಡಲಾಗದವರಲ್ಲಿ ತೊಡೆಯ ಬಲ ಹೆಚ್ಚುವುದನ್ನು ಕೊಕ್ರೇನ್ ಸಂಸ್ಥೆಯ 2016ರ ಪರಾಮರ್ಶೆ ಗುರುತಿಸಿದೆ. ಇಲ್ಲೆಲ್ಲ ಒಂದು ಸಮಾನ ಅಂಶವಿದೆ. ತಾವಾಗಿ ವ್ಯಾಯಾಮ ಮಾಡಲು ಆಗದವರಿಗೆ ಇದರ ಉಪಕಾರ ದೊಡ್ಡದು, ಮಾಡಬಲ್ಲವರಿಗೆ ಚಿಕ್ಕದು. ಆದರೆ ಮಾರುಕಟ್ಟೆ ಬೆನ್ನು ಹತ್ತಿರುವುದು ಎರಡನೆಯವರನ್ನು.

ಇಡೀ ಮೈಯ ಸೂಟು, ಇಡೀ ಮೈಯ ಅಪಾಯ

ಸ್ಟುಡಿಯೊದ ಸೂಟಿನ ವಿಚಾರ ಬೇರೆಯೇ. ಒಂದು ತೊಡೆಗೆ ಎರಡು ಪ್ಯಾಡು ಹಚ್ಚುವುದಕ್ಕೂ ತೊಡೆ, ಪೃಷ್ಠ, ಬೆನ್ನು, ಎದೆ, ತೋಳುಗಳ ದೊಡ್ಡ ಸ್ನಾಯುಗಳನ್ನೆಲ್ಲ ಒಟ್ಟಿಗೆ ಸೆಟೆಸುವುದಕ್ಕೂ ಅಜಗಜಾಂತರ. ಅತಿಯಾಗಿ ದುಡಿದ ಸ್ನಾಯುವಿನ ಎಳೆಗಳು ಹರಿದಾಗ ಅವುಗಳೊಳಗಿನ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ, ಮಯೋಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರುತ್ತವೆ. ಭಾರ ಎತ್ತಿದ ಮರುದಿನವೂ ಇದು ಸ್ವಲ್ಪ ಆಗುವುದೇ. ಆದರೆ ಮೊದಲ ದಿನವೇ ಸೂಟಿನ ಕರೆಂಟನ್ನು ಏರಿಸಿದವರಲ್ಲಿ ಈ ಕಿಣ್ವ ಸಾಮಾನ್ಯ ಮಟ್ಟದ ಹಲವು ಹತ್ತು ಪಟ್ಟು ಏರಿದ ಪ್ರಕರಣಗಳು ದಾಖಲಾಗಿವೆ. ಮಯೋಗ್ಲೋಬಿನ್ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಂಡರೆ ಆಸ್ಪತ್ರೆಯೇ ಗತಿ. ವೈದ್ಯರು ಇದನ್ನು ರಾಬ್ಡೊಮಯೋಲಿಸಿಸ್ ಎನ್ನುತ್ತಾರೆ. ತರಬೇತಾದ ಆಟಗಾರರೂ ಇದಕ್ಕೆ ಹೊರತಲ್ಲ. ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಈ ಬಗೆಯ ಒತ್ತಡ ಶರೀರಕ್ಕೆ ಹೊಸದು. ‘ನಾನು ಗರಡಿಮನೆಯಲ್ಲಿ ಬೆಳೆದವನು, ಜೋರಾಗೇ ಇಡಿ’ ಎನ್ನುವ ಪೈಲ್ವಾನರೇ ಹೆಚ್ಚು ಅಪಾಯದಲ್ಲಿರುತ್ತಾರೆ.

ಜರ್ಮನಿಯಲ್ಲಿ ಇಂಥ ಸ್ಟುಡಿಯೊಗಳು ಬಹಳ ಇರುವುದರಿಂದ ಎಚ್ಚರಿಕೆಯ ನಿಯಮಗಳೂ ಅಲ್ಲೇ ಹುಟ್ಟಿದವು. ಅಲ್ಲಿನ ತಜ್ಞರು 2016ರಲ್ಲಿ ಕೊಟ್ಟ ಮಾರ್ಗದರ್ಶನದ ತಿರುಳು ಯಾವ ಊರಿನ ಟ್ರೇನರ್‌ಗೂ ಸಲ್ಲುತ್ತದೆ. ಮೊದಲ ಸಲ ಎಷ್ಟೇ ಒತ್ತಾಯವಿದ್ದರೂ ಕರೆಂಟು ಹದವಾಗಿರಲಿ, ಅವಧಿಯೂ ಕಡಿಮೆ ಇರಲಿ. 20 ನಿಮಿಷದಾಚೆಗೆ ಹೋಗಲೇಬಾರದು. ಮೊದಲ 8ರಿಂದ 10 ವಾರ ವಾರಕ್ಕೆ ಒಂದೇ ಸಲ. ನಿಧಾನಕ್ಕೆ ಏರಿಸಬೇಕು. ತರಬೇತಿಯ ಮೊದಲೂ ನಂತರವೂ ನೀರು ಕುಡಿಯಬೇಕು, ಖಾಲಿ ಹೊಟ್ಟೆಯಲ್ಲಿ ಬರಬಾರದು. ಜ್ವರ ಬಂದು ಹೋದ ವಾರ ಬೇಡ. ಟ್ರೇನರ್ ಪಕ್ಕದಲ್ಲಿದ್ದು ಮುಖ ನೋಡುತ್ತಿರಬೇಕು. ಒಂದೇ ಪೆಟ್ಟಿಗೆಗೆ ಐದಾರು ಜನರನ್ನು ಕಟ್ಟಿ ತಾನು ಫೋನು ನೋಡುತ್ತ ಕೂರುವುದು ತರಬೇತಿಯಲ್ಲ.

ಗಿರಾಕಿಗೆ ಮೊದಲ ದಿನವೇ ಹೇಳಿ ಕಳುಹಿಸಬೇಕಾದದ್ದು ಇದು: ಎರಡು ಮೂರು ದಿನ ಮೈಕೈ ನೋವು ಸಹಜ, ಆದರೆ ತೋಳು ತೊಡೆ ಊದಿಕೊಂಡರೆ, ಬಲವೇ ಇಲ್ಲದಂತಾದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ಏನು ಮಾಡಿಸಿಕೊಂಡೆವೆಂದು ವೈದ್ಯರಿಗೆ ಹೇಳಬೇಕು. ಈ ಮಾತು ಹೇಳಿದರೆ ಗಿರಾಕಿ ಹೆದರಿ ಓಡಿಹೋಗುತ್ತಾನೆ ಎಂಬ ಭಯ ಬೇಡ. ಹೇಳದ ಸ್ಟುಡಿಯೊದಿಂದ ಗಿರಾಕಿಯೇ ಓಡಬೇಕು.

ಯಾರಿಗೆ ಬೇಡವೇ ಬೇಡ ಎಂಬುದನ್ನು ಗೋಡೆಗೆ ಬರೆದು ಹಾಕುವಷ್ಟು ಸ್ಪಷ್ಟವಾಗಿ ಇಟ್ಟುಕೊಳ್ಳಬೇಕು. ಪೇಸ್‌ಮೇಕರ್ ಅಥವಾ ಮೈಯೊಳಗೆ ಬೇರೆ ಯಾವುದೇ ಎಲೆಕ್ಟ್ರಾನಿಕ್ ಸಾಧನ ಇರುವವರು, ಗರ್ಭಿಣಿಯರು, ಮೂರ್ಛೆರೋಗದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಹತೋಟಿಗೆ ಬಾರದ ಬಿಪಿ ಇರುವವರು, ಮೂತ್ರಪಿಂಡದ ತೊಂದರೆಯವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹರ್ನಿಯಾ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಜಿಮ್‌ನ ಮಟ್ಟದಲ್ಲಿ ಈ ಯಂತ್ರವನ್ನು ಮುಟ್ಟಬಾರದು. ಇವರಲ್ಲಿ ಕೆಲವರಿಗೆ ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಕೊಡುವುದಿದೆ, ಅದು ಬೇರೆ ಮಾತು. ಮಧುಮೇಹಿಗಳ ಬಗ್ಗೆ ನಮ್ಮಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಐಸಿಎಂಆರ್ ಬೆಂಬಲದ 2023ರ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಪಾದ, ಮೀನಖಂಡಗಳಲ್ಲಿ ಜೋಮು ಹಿಡಿದು ಸ್ಪರ್ಶ ಮಂಕಾದವರಿಗೆ ಪ್ಯಾಡಿನ ಕೆಳಗೆ ಚರ್ಮ ಸುಡುತ್ತಿದ್ದರೂ ಗೊತ್ತಾಗದು. ಹತ್ತಿಯಿಂದ ಸವರಿ, ‘ಕೈಯಲ್ಲೂ ಕಾಲಲ್ಲೂ ಒಂದೇ ಥರ ಗೊತ್ತಾಗುತ್ತದಾ?’ ಎಂದು ಕೇಳುವುದಕ್ಕೆ ಒಂದು ನಿಮಿಷ ಸಾಕು.

ಮನೆಯಲ್ಲಿ ಚಿಕ್ಕ ಯಂತ್ರ ಬಳಸುವವರಿಗೂ ಕೆಲವು ಕಟ್ಟುಪಾಡು. ಗಂಟಲಿನ ಮುಂಭಾಗ, ತಲೆ, ಎದೆಗೂಡಿನ ಆಚೀಚೆ ಪ್ಯಾಡು ಬೇಡ. ಗಾಯ, ತುರಿಕಜ್ಜಿ ಇದ್ದಲ್ಲಿ ಬೇಡ. ಎಣ್ಣೆ, ಬೆವರು ತೊಳೆದು ಒರೆಸಿದ ಮೇಲೆ ಹಚ್ಚಿ. ಅಂಟು ಒಣಗಿದ ಪ್ಯಾಡನ್ನು ಎಸೆಯಿರಿ. ಅಂಚು ಎದ್ದ ಪ್ಯಾಡಿನಲ್ಲಿ ಕರೆಂಟೆಲ್ಲ ಚಿಕ್ಕ ಜಾಗಕ್ಕೆ ನುಗ್ಗಿ ಚುರುಕು ಮುಟ್ಟಿಸುತ್ತದೆ. ಒಂದು ಪ್ಯಾಡಿಗೆ ಹತ್ತು ರೂಪಾಯಿ ಉಳಿಸಲು ಹೋಗಿ ತೊಡೆಗೆ ಬೊಬ್ಬೆ ತರಿಸಿಕೊಳ್ಳುವುದು ಬೇಡ. ಸ್ನಾಯು ಬಿಗಿಯುವಾಗ ನೀವೂ ಜೊತೆಗೆ ಬಿಗಿಯಿರಿ, ಮಂಡಿ ಚಾಚಿ. ಸುಮ್ಮನೆ ಮಲಗಿ ಟೀವಿ ನೋಡುತ್ತ ಹಾಕಿಕೊಂಡದ್ದಕ್ಕಿಂತ ಅದು ಮೇಲು. ಗಾಡಿ ಓಡಿಸುವಾಗ, ನಿದ್ದೆ ಮಾಡುವಾಗ ಖಂಡಿತ ಬೇಡ.

ಕಸುಬಿನ ಲೆಕ್ಕ

ಈಗ ಟ್ರೇನರ್‌ಗಳ ವಿಷಯ. ಕೊರೊನಾ ಬಂದಾಗ, 2020ರ ಮಾರ್ಚ್ ಮಧ್ಯದಲ್ಲಿ, ಕರ್ನಾಟಕದ ಜಿಮ್‌ಗಳಿಗೆ ಬೀಗ ಬಿತ್ತು. ಕೇಂದ್ರ ಮತ್ತೆ ತೆರೆಯಲು ಬಿಟ್ಟದ್ದು ಆಗಸ್ಟ್ 5ರಿಂದ. 2021ರ ಎರಡನೇ ಅಲೆಗೆ ಮತ್ತೆ ಮುಚ್ಚಿದವು. ಚಿಕ್ಕ ಸಂಬಳ, ಮೇಲೆ ಪರ್ಸನಲ್ ಟ್ರೇನಿಂಗ್‌ನಲ್ಲಿ ಪಾಲು ಎಂಬ ಲೆಕ್ಕದಲ್ಲಿ ಬದುಕುವ ಟ್ರೇನರ್‌ಗೆ ಬಾಗಿಲು ಮುಚ್ಚಿದ ದಿನವೇ ಆದಾಯವೂ ಮುಚ್ಚಿತು. ಜಿಮ್ ಮಾಲೀಕರದು ಇನ್ನೊಂದು ಸಂಕಟ. ರಿಸರ್ವ್ ಬ್ಯಾಂಕು 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಸಾಲದ ಕಂತು ಮುಂದೂಡಲು ಅವಕಾಶ ಕೊಟ್ಟಿತಾದರೂ ಬಡ್ಡಿಯ ಗಡಿಯಾರ ನಿಲ್ಲಲಿಲ್ಲ. ಟ್ರೆಡ್‌ಮಿಲ್‌ಗಳನ್ನು ಅರ್ಧ ಬೆಲೆಗೆ ಮಾರಿದವರು, ಊರಿಗೆ ಹೋಗಿ ತೋಟ ನೋಡಿಕೊಂಡವರು, ಡೆಲಿವರಿ ಬೈಕು ಹತ್ತಿದವರು ಎಲ್ಲ ಊರಲ್ಲೂ ಇದ್ದರು.

ಕಷ್ಟಕಾಲದಲ್ಲಿ ಹೊಸ ಯಂತ್ರವೇ ಕಸುಬನ್ನು ಎತ್ತಿ ನಿಲ್ಲಿಸುತ್ತದೆ ಎಂಬ ಮಾತನ್ನು ಆ ನೆನಪು ಮುಂದಿಟ್ಟುಕೊಂಡು ತೂಗಬೇಕು. ಲೆಕ್ಕಕ್ಕೆಂದು ಹಿಡಿಯಿರಿ: ಯಂತ್ರ, ಸೂಟು ಸೇರಿ 8 ಲಕ್ಷ ಸಾಲ, ಶೇ 14 ಬಡ್ಡಿ, ಮೂರು ವರ್ಷ. ತಿಂಗಳ ಕಂತು 27,300 ರೂಪಾಯಿಯ ಆಸುಪಾಸು. ಒಂದು ಸರದಿಗೆ 1,000 ರೂಪಾಯಿ ಪಡೆದರೆ ಕಂತಿಗೇ 28 ಸರದಿ ಬೇಕು. ಸುರಕ್ಷತೆಯ ನಿಯಮದಂತೆ ಆರಂಭದ ವಾರಗಳಲ್ಲಿ ಒಬ್ಬರಿಗೆ ವಾರಕ್ಕೊಂದೇ ಸರದಿ. ಅಂದರೆ ಏಳು ಜನ ತಪ್ಪದೆ ಬಂದರೆ ಬ್ಯಾಂಕಿನವರಿಗೆ ಸಮಾಧಾನ. ಬಾಡಿಗೆ, ಸೂಟು ತೊಳೆಯುವುದು, ಸವೆದ ವೈರು, ಸಹಾಯಕರ ಸಂಬಳ, ನಿಮ್ಮ ಮನೆಯ ಅಕ್ಕಿಬೇಳೆ ಇನ್ನೂ ಹೊರಗೇ ಇದೆ. ಇದಕ್ಕೆ ತೆರಿಗೆಯ ಮುಖವೊಂದೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದದ್ದು ಗಿರಾಕಿಗೆ ಖುಷಿಯ ಸುದ್ದಿ. ಆದರೆ ಆ ದರದಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಯಂತ್ರಕ್ಕೆ ಕಟ್ಟಿದ ತೆರಿಗೆ ವಾಪಸು ಹೊಂದಿಸಿಕೊಳ್ಳಲು ಬಾರದೆ ನಿಮ್ಮ ಖರ್ಚಿಗೇ ಸೇರುತ್ತದೆ. ವರ್ಷದ ವಹಿವಾಟು 20 ಲಕ್ಷದೊಳಗಿರುವ ಒಂಟಿ ಟ್ರೇನರ್‌ಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ, ಹಾಗಾಗಿ ಅವರಿಗೂ ಅದೇ ಫಲ.

ನನ್ನ ಮಟ್ಟಿಗೆ ಹೇಳುವುದಾದರೆ, ಸಾಲ ಮಾಡಿ ಈ ಯಂತ್ರ ತರಬೇಡಿ. ಈಗಾಗಲೇ ನಿಮ್ಮನ್ನು ನಂಬಿದ ಗಿರಾಕಿಗಳಿದ್ದು, ಕೈಯಲ್ಲಿ ಹಣವಿದ್ದು, ಒಬ್ಬ ಫಿಸಿಯೊಥೆರಪಿಸ್ಟ್ ಜೊತೆ ಮಾತಾಗಿದ್ದರೆ ಆಗ ಯೋಚಿಸಬಹುದು. ಮೊದಲು ಒಂದು ಒಳ್ಳೆಯ ಸ್ಟುಡಿಯೊದಲ್ಲಿ ಕೆಲವು ತಿಂಗಳು ಕೆಲಸ ಮಾಡಿ ನೋಡಿ. ಎಷ್ಟು ಜನ ಮೂರನೇ ತಿಂಗಳೂ ಬರುತ್ತಿದ್ದಾರೆ ಎಂದು ಅಲ್ಲಿನ ಹಾಜರಿ ಪುಸ್ತಕವೇ ಹೇಳುತ್ತದೆ.

ಹಾಗಿದ್ದರೆ ಮಾರುವುದಕ್ಕೆ ನಮ್ಮ ಬಳಿ ಏನಿದೆ? ಕಣ್ಣಿದೆ. ಬಸ್ಕಿಯಲ್ಲಿ ಹಿಮ್ಮಡಿ ಏಳುವುದನ್ನು, ಭುಜ ಒಂದು ಕಡೆ ವಾಲುವುದನ್ನು ಕಂಡು ತಿದ್ದುವ ಕಣ್ಣು. ಅದಕ್ಕೆ ಅತಿ ಹೆಚ್ಚು ಬೇಡಿಕೆ ಇರುವುದು, ವಿಚಿತ್ರವೆಂದರೆ, ಜಿಮ್‌ಗೇ ಬಾರದವರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಹದವಾದ ಚಟುವಟಿಕೆಯ ಜೊತೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲ ಮತ್ತು ಬಲದ ಅಭ್ಯಾಸ ಸೇರಿಸುತ್ತದೆ. ನಮ್ಮ ಹಿರಿಯರು ನಡೆಯುತ್ತಾರೆ, ಬಲದ ವ್ಯಾಯಾಮ ಮಾಡುವುದಿಲ್ಲ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇಬ್ಬರೇ ಇರುವ ಅಪ್ಪ ಅಮ್ಮನಿಗೆ ವಾರಕ್ಕೆರಡು ದಿನ ಯಾರಾದರೂ ಕನ್ನಡದಲ್ಲಿ ಮಾತಾಡಿಸಿ, ಕುರ್ಚಿಯಿಂದ ಎದ್ದು ಕೂರಿಸಿ, ಗೋಡೆಗೆ ಕೈಕೊಟ್ಟು ದಂಡ ಹೊಡೆಸಿದರೆ ದುಡ್ಡು ಕೊಡಲು ಹೊರದೇಶದಲ್ಲಿರುವ ಮಕ್ಕಳು ಹಿಂದೆಗೆಯುವುದಿಲ್ಲ. ಇದಕ್ಕೆ ಬೇಕಾದ ಬಂಡವಾಳ ಒಂದು ಗಟ್ಟಿ ಕುರ್ಚಿ, ಎರಡು ರಬ್ಬರ್ ಪಟ್ಟಿ, ಒಂದು ಸ್ಟಾಪ್‌ವಾಚ್. ಕೈ ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಏಳುತ್ತಾರೆ ಎಂದು ಮೊದಲ ದಿನ ಎಣಿಸಿ ಬರೆದಿಡಿ, ಎರಡು ತಿಂಗಳಿಗೆ ಮತ್ತೆ ಎಣಿಸಿ. ಆ ಎರಡು ಅಂಕಿ ಯಾವ ‘ಮೊದಲು–ಆಮೇಲೆ’ ಫೋಟೊಗಿಂತಲೂ ಚೆನ್ನಾಗಿ ನಿಮ್ಮ ಪರ ಮಾತಾಡುತ್ತವೆ.

ಆದಾಯ ಒಂದೇ ಬಾಗಿಲಿನಿಂದ ಬರಬಾರದು ಎಂಬುದು 2020 ಕಲಿಸಿದ ಪಾಠ. ಸ್ವಲ್ಪ ಜಿಮ್, ಸ್ವಲ್ಪ ಅಪಾರ್ಟ್‌ಮೆಂಟಿನ ಬೆಳಗಿನ ಗುಂಪು, ಸ್ವಲ್ಪ ವಿಡಿಯೊ ಮೂಲಕ ಎಂದು ಹಂಚಿಕೊಂಡರೆ ಒಂದು ಮುಚ್ಚಿದರೂ ಒಲೆ ಆರುವುದಿಲ್ಲ. ವಿಡಿಯೊ ಗಿರಾಕಿಗೆ ಮಾತ್ರ ಯಾವ ಕಾರಣಕ್ಕೂ ‘ಆ ಬೆಲ್ಟು ಕಟ್ಟಿಕೊಳ್ಳಿ, ಹತ್ತಕ್ಕೆ ಇಡಿ’ ಎನ್ನಬೇಡಿ. ಪಕ್ಕದಲ್ಲಿಲ್ಲದವರ ಮೇಲೆ ಕರೆಂಟು ಪ್ರಯೋಗ ನಮ್ಮ ಕೆಲಸವಲ್ಲ. ಹಾಗೆಯೇ ಪಾರ್ಶ್ವವಾಯು, ಶಸ್ತ್ರಚಿಕಿತ್ಸೆ ಎಂದು ಬಂದವರಿಗೆ ಚಿಕಿತ್ಸೆ ಕೊಡಲು ಕೈಹಾಕಬೇಡಿ. ಫಿಸಿಯೊಥೆರಪಿ ಈಗ 2021ರ ಸಂಬಂಧಿತ ಆರೋಗ್ಯ ವೃತ್ತಿಗಳ ಕಾಯ್ದೆಯಡಿ ಬರುವ ವೃತ್ತಿ. ಅವರ ಜೊತೆ ಜಗಳಕ್ಕಿಂತ ಕೊಡುಕೊಳ್ಳುವಿಕೆ ಲಾಭದ್ದು: ಚಿಕಿತ್ಸೆ ಮುಗಿದವರನ್ನು ಬಲ ಬರಿಸಲು ಅವರು ನಿಮಗೆ ಕಳುಹಿಸುತ್ತಾರೆ, ನೋವು ಎಂದು ಬಂದವರನ್ನು ನೀವು ಅವರಿಗೆ ಕಳುಹಿಸುತ್ತೀರಿ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು. ಅಂದು ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರೆಂಬ ಸುದ್ದಿ ಹಬ್ಬಿದ್ದೇ, ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ಬೆಳೆಯಿತು, ಜಿಮ್‌ಗಳತ್ತ ಜನ ಅನುಮಾನದಿಂದ ನೋಡಿದರು. ಅದಕ್ಕೂ ಕರೆಂಟಿನ ಯಂತ್ರಕ್ಕೂ ಸಂಬಂಧವಿಲ್ಲ. ಆದರೆ ಗಿರಾಕಿಯ ಎದೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಫೀಸು ತೆಗೆದುಕೊಳ್ಳುವ ನಮ್ಮ ರೂಢಿ ಆ ದಿನಗಳಲ್ಲಿ ಬಯಲಾಯಿತು. ಕೆನಡಾದಲ್ಲಿ ಹುಟ್ಟಿದ ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ಹಾಳೆ ಇದೆ. ಎದೆನೋವು, ತಲೆಸುತ್ತು, ಬಿಪಿ, ಔಷಧ, ಮೂಳೆ ಕೀಲಿನ ತೊಂದರೆ ಇತ್ಯಾದಿ. ಅದನ್ನು ಕನ್ನಡಕ್ಕೆ ಮಾಡಿಕೊಂಡು ಸಹಿ ಹಾಕಿಸಿ. ಒಂದಕ್ಕೆ ಹೌದು ಎಂದರೂ ವೈದ್ಯರನ್ನು ಕಂಡು ಬನ್ನಿ ಎನ್ನಿ. ಸಿಪಿಆರ್ ಕಲಿತುಕೊಳ್ಳಿ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುವುದನ್ನು ಬೊಂಬೆಯ ಮೇಲೆ ಕೈಯಾರೆ ಮಾಡಿ ನೋಡದೆ ಬರುವುದಿಲ್ಲ. ಆ ತರಬೇತಿಯ ಖರ್ಚು ಸೂಟಿನ ಒಂದು ತೋಳಿಗೂ ಸಾಲದು.

ಒತ್ತಡದ ಕಾಲದಲ್ಲಿ ಗಿರಾಕಿಗಳೂ ಬೇರೆಯಾಗಿ ಬರುತ್ತಾರೆ. ಕೆಲಸ ಹೋಗುವ ಭಯದಲ್ಲಿರುವ ಐಟಿ ಉದ್ಯೋಗಿ ನಾಲ್ಕು ಗಂಟೆ ನಿದ್ದೆ ಮಾಡಿ ಬಂದು ‘ಇವತ್ತು ಕೊಂದು ಹಾಕಿ ಸರ್’ ಎನ್ನುತ್ತಾನೆ. ಅಂದು ಅವನಿಗೆ ಬೇಕಿರುವುದು ಅರ್ಧ ಭಾರ, ಉದ್ದ ಉಸಿರು, ಬೇಗ ಮನೆ. ಸೂಟಂತೂ ಅಂಥ ದಿನ ಬೇಡವೇ ಬೇಡ. ನಿದ್ದೆಗೆಟ್ಟ, ನೀರು ಕುಡಿಯದ ಮೈಗೆ ಅದು ದುಪ್ಪಟ್ಟು ಹೊಡೆತ. ತಿಂಗಳ ಫೀಸು ಕಟ್ಟಲಾಗದೆ ನಾಚಿಕೆಯಿಂದ ಬಿಟ್ಟುಹೋಗುವವರಿಗೆ ವಾರಕ್ಕೊಂದು ಸರದಿಯ ಅಗ್ಗದ ಯೋಜನೆ ಇಟ್ಟುಕೊಳ್ಳಿ. ವರ್ಷದ ಹಣ ಮುಂಗಡ ತೆಗೆದುಕೊಂಡು ಬಾಡಿಗೆಗೆ ಸುರಿಯುವ ಚಾಳಿ ಬಿಡಿ. ಬೀಗ ಬಿದ್ದ ದಿನ ಹಣ ವಾಪಸು ಕೇಳಿ ಅವರು 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ತಪ್ಪು ಅವರದಲ್ಲ.

ಟ್ರೇನರ್ ತನ್ನನ್ನು ತಾನು ನೋಡಿಕೊಳ್ಳುವುದು ಯಾವಾಗ? ಬೆಳಗಿನ ಐದೂವರೆಗೆ ಶುರು, ರಾತ್ರಿ ಒಂಬತ್ತಕ್ಕೆ ಮುಗಿಯುವ ಎರಡು ಪಾಳಿ, ನಡುವೆ ಪ್ರಯಾಣ. ಹಗಲು ಎರಡು ಗಂಟೆ ನಿದ್ದೆಯನ್ನು ಗಿರಾಕಿಯ ಸರದಿಯಂತೆಯೇ ಡೈರಿಯಲ್ಲಿ ಬರೆದಿಡಿ. ವಾರಕ್ಕೊಂದು ಸಂಜೆ ಯಾರಿಗೂ ಕೊಡಬೇಡಿ. ಇಎಸ್‌ಐ, ಪಿಎಫ್ ಇಲ್ಲದವರಿಗೆ ಬ್ಯಾಂಕಿನಲ್ಲಿ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಜೀವನ ಜ್ಯೋತಿ ಬಿಮಾ 436 ರೂಪಾಯಿ. ಮೊದಲನೆಯದರಲ್ಲಿ ಅಪಘಾತದ ಸಾವಿಗೆ, ಎರಡನೆಯದರಲ್ಲಿ ಯಾವುದೇ ಕಾರಣದ ಸಾವಿಗೆ 2 ಲಕ್ಷ ರೂಪಾಯಿ. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್‌ಗೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಈ ಉಚಿತ ಸೇವೆಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ, ಕನ್ನಡದಲ್ಲಿ ಮಾತಾಡಬಹುದು. ತೋಳು ದಪ್ಪಗಿದ್ದವರಿಗೆ ಮನಸ್ಸು ನೋಯುವುದಿಲ್ಲವೆಂದು ಯಾರೂ ಹೇಳಿಲ್ಲ.

ಇಷ್ಟೆಲ್ಲ ಯೋಚಿಸಿಯೂ ಯಂತ್ರ ಕೊಳ್ಳುವುದೇ ಎಂದಾದರೆ ಕಾಗದಪತ್ರ ನೋಡಿ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ ಇದೆ, 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇರಬೇಕು. ನರ, ಸ್ನಾಯು ಪ್ರಚೋದಕಗಳಿಗೆ ಐಇಸಿ 60601-2-10 ಎಂಬ ಸುರಕ್ಷತಾ ಮಾನಕವಿದೆ, ಅದರ ಪರೀಕ್ಷಾ ಪತ್ರ ಕೇಳಿ. ‘ಮಸಾಜರ್’ ಎಂಬ ಹೆಸರಿನಡಿ ಇದ್ಯಾವುದೂ ಇಲ್ಲದೆ ಬರುವುದನ್ನು ಬೇರೆಯವರ ಮೈಗೆ ಕಟ್ಟಬೇಡಿ. ಹಳೆಯ ಯಂತ್ರವಾದರೆ ಸೂಟಿನ ಪ್ರತಿ ಪ್ಯಾಡಿನಲ್ಲೂ ಕರೆಂಟು ಸಮವಾಗಿ ಬರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ. ಬಿಡಿಭಾಗ ನಮ್ಮ ದೇಶದಲ್ಲೇ ಸಿಗುತ್ತದೆಯೇ, ಕೆಟ್ಟರೆ ಎಷ್ಟು ದಿನಕ್ಕೆ ರಿಪೇರಿ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಕೊನೆಗೆ, ಮಾರಲು ಬಂದವರಿಗೆ ನಿಮ್ಮ ಮೈಗೇ ಸೂಟು ತೊಡಿಸಲು ಹೇಳಿ. ಗುಂಡಿ ತಿರುಗಿಸುವ ಮೊದಲು ಅವರು ‘ಬಿಪಿ ಎಷ್ಟಿದೆ? ಆಪರೇಷನ್ ಏನಾದರೂ ಆಗಿದೆಯಾ? ತಿಂಡಿ ಆಯಿತಾ?’ ಎಂದು ತಾವಾಗಿ ಕೇಳಿದರೆ ಬೆಲೆಯ ಮಾತಿಗೆ ಕೂರಬಹುದು. ಕೇಳದೆ ನೇರ ಸ್ವಿಚ್ಚಿಗೆ ಕೈಹಾಕಿದರೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸಿ.